ಪಗ್ ನಾಯಿ, ನಮ್ಮ ಸೆಕೆ, ಮತ್ತೆ ಮಂಗಳೂರು–ಉಡುಪಿ ಓಡಾಟ

ನಮ್ಮ ಮನೆ ಕದ್ರಿ ಹತ್ರ, ಹೆಂಡತಿಯ ತವರು ಉಡುಪಿ. ಬೇಸಗೆ ಬಂತೂಂದ್ರೆ ಕೋಲ, ಗೃಹಪ್ರವೇಶ, ಮದುವೆ ಅಂತ ಹೈವೇಯಲ್ಲೇ ಇರ್ತೇವೆ, ಜೊತೆಗೆ ಬಾಬು, ನಮ್ಮ ಪಗ್. ಈ ಸೆಕೆಯಲ್ಲಿ ಅವನನ್ನು ಕಾರಲ್ಲಿ ಹೇಗೆ ಕರ್ಕೊಂಡು ಹೋಗುದು ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೆ ನಾನು ಮಾಡುದನ್ನು ಬರೀತಿದ್ದೇನೆ.

ಮೊದಲು ಒಂದು ವಿಷಯ. ಮೊಬೈಲಲ್ಲಿ ನೋಡಿ "33 ಡಿಗ್ರಿ ಅಷ್ಟೇ ಅಲ್ವಾ ಮಾರಾಯ್ರೆ, ಬಳ್ಳಾರಿ ಕಡೆ ಇದಕ್ಕಿಂತ ಜಾಸ್ತಿ ಉಂಟು" ಅಂತಾರಲ್ಲ, ನಾಯಿ ವಿಷಯದಲ್ಲಿ ಆ ಲೆಕ್ಕ ನಡೀಲಿಕ್ಕಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುದಿಲ್ಲ, ಪಾದದ ಅಡಿಯಲ್ಲಿ ಚೂರು ಅಷ್ಟೆ, ಬಾಕಿ ಎಲ್ಲ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ಆಗ್ಬೇಕು, ಬಾಯಿ ಮೂಗಿನ ಪಸೆ ಆವಿಯಾದ್ರೆ ಮಾತ್ರ ಒಳಗಿನ ಬಿಸಿ ಇಳೀತದೆ. ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಹೇಗೆ ಒಣಗುದಿಲ್ವೋ, ಕಡಲ ಬದಿಯ ಈ ಹಸಿ ಗಾಳಿಯಲ್ಲಿ ನಾಯಿಯ ನಾಲಿಗೆ ಕತೆಯೂ ಅದೇ. ಅದರಲ್ಲೂ ಪಗ್, ಶಿಟ್ಜು, ಬುಲ್‌ಡಾಗ್ ಹೀಗೆ ಮೂಗು ಚಪ್ಪಟೆ ಇರುವವು ಉಸಿರಾಡ್ಲಿಕ್ಕೇ ಕಷ್ಟಪಡ್ತವೆ.

ಇನ್ನು ನಿಲ್ಲಿಸಿದ ಕಾರು. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಬೇರೆ ಬೇರೆ ದಿನ ಬಿಸಿಲಲ್ಲಿ ಕಾರು ನಿಲ್ಲಿಸಿ ಅಳೆದಿದ್ರು, ಹೊರಗೆ 22 ಇರ್ಲಿ 36 ಇರ್ಲಿ, ಒಂದು ಗಂಟೆಯಲ್ಲಿ ಒಳಗಿನ ಬಿಸಿ ಸರಾಸರಿ 22 ಡಿಗ್ರಿ ಏರಿತ್ತು, ಅದರಲ್ಲಿ 80 ಪರ್ಸೆಂಟ್ ಮೊದಲ ಅರ್ಧ ಗಂಟೆಯಲ್ಲೇ. ಗ್ಲಾಸ್ ಸ್ವಲ್ಪ ಇಳಿಸಿಟ್ಟದ್ದರಿಂದ ದೊಡ್ಡ ಪ್ರಯೋಜನ ಇರ್ಲಿಲ್ಲ. ನನಗೆ ನಮ್ಮೂರಲ್ಲಿ ಎಷ್ಟಾಗ್ತದೆ ನೋಡ್ಬೇಕಿತ್ತು, ಅಡುಗೆಮನೆಯಲ್ಲಿದ್ದ ಡಿಜಿಟಲ್ ಥರ್ಮಾಮೀಟರನ್ನು ಹಿಂದಿನ ಸೀಟಲ್ಲಿ ನೆರಳು ಬೀಳುವ ಜಾಗದಲ್ಲಿಟ್ಟು ಅಂಗಳದ ಬಿಸಿಲಲ್ಲಿ ಖಾಲಿ ಕಾರು ಬಿಟ್ಟೆ. ಹೊರಗೆ 33, ಹತ್ತು ನಿಮಿಷ ಬಿಟ್ಟು ನೋಡಿದ್ರೆ 43, ಅರ್ಧ ಗಂಟೆಗೆ 50 ದಾಟಿತ್ತು, ಸೀಟ್ ಬೆಲ್ಟಿನ ಕಬ್ಬಿಣ ಮುಟ್ಲಿಕ್ಕೇ ಆಗ್ಲಿಲ್ಲ. ನಾಯಿಯ ಮಾಮೂಲಿ ಮೈಬಿಸಿಯೇ 38ರಿಂದ 39ರ ಆಸುಪಾಸು, 41 ದಾಟಿದ್ರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳ್ಲಿಕ್ಕೆ ಶುರು. "ಬಂಗುಡೆ ತಕ್ಕೊಂಡು ಐದೇ ನಿಮಿಷದಲ್ಲಿ ಬರ್ತೇನೆ" ಅನ್ನುವ ಐದು ನಿಮಿಷ ಮೀನು ಮಾರ್ಕೆಟಲ್ಲಿ ಯಾವತ್ತಾದ್ರೂ ಐದೇ ಆದದ್ದುಂಟಾ?

ಹಾಗಾಗಿ ನಮ್ಮದು ಒಂದೇ ನಿಯಮ, ಕಾರು ನಿಂತ್ರೆ ಬಾಬುವೂ ಇಳೀಬೇಕು. ಇಳಿಸ್ಲಿಕ್ಕೆ ಆಗದ ಜಾಗ ಆದ್ರೆ ಅವನು ಮನೆಯಲ್ಲೇ ಫ್ಯಾನ್ ಅಡಿಯಲ್ಲಿ ಮಲಗ್ಲಿ. ದಾರಿಯಲ್ಲಿ ಚಾ ಕುಡೀಬೇಕಾದ್ರೆ ಒಬ್ರು ಹೋಟೆಲ್ ಒಳಗೆ, ಒಬ್ರು ಅವನ ಜೊತೆ ಹೊರಗೆ ಮರದಡಿ. ಎಂಜಿನ್ ಎಸಿ ಆನ್ ಇಟ್ಟು ಲಾಕ್ ಮಾಡಿ ಹೋಗುವವರೂ ಇದ್ದಾರೆ, ನನಗೆ ಧೈರ್ಯ ಇಲ್ಲ, ಎಂಜಿನ್ ಆಫ್ ಆದ್ರೆ ಒಳಗಿರುವ ನಾಯಿ ಯಾರಿಗೆ ಹೇಳ್ಬೇಕು?

ಹೊರಡುವ ಮೊದಲು ನಾಲ್ಕೂ ಡೋರ್ ತೆಗ್ದು ಬಿಸಿಗಾಳಿ ಹೋಗ್ಲಿಕ್ಕೆ ಬಿಡ್ತೇನೆ, ಆಮೇಲೆ ಗ್ಲಾಸ್ ಇಳಿಸಿಯೇ ಎಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಗ್ಲಾಸ್ ಏರಿಸುದು, ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತುದು ಕೊನೆಗೆ. ಎಸಿ ಗಾಳಿಯ ಪಸೆಯನ್ನೂ ತೆಗೀತದೆ, ನಾಯಿಗೆ ನಿಜವಾದ ಉಪಕಾರ ಅದು. ಸೀಟಿಗೆ ಕೈ ಇಟ್ಟು ಬಿಸಿ ಇಲ್ಲ ಅಂತ ಗೊತ್ತಾದ ಮೇಲೆಯೇ ಅವನು ಹತ್ತುದು. ನಮ್ಮ ಹಳೇ ಕಾರಿಗೆ ಹಿಂದೆ ಎಸಿ ವೆಂಟ್ ಇಲ್ಲ, ಮುಂದಿನ ನಡುವಿನ ಎರಡು ವೆಂಟ್ ಮೇಲಕ್ಕೆ ತಿರುಗಿಸಿದ್ರೆ ಗಾಳಿ ಹಿಂದಿನ ಸೀಟಿನ ಮಧ್ಯಕ್ಕೆ ಹೋಗ್ತದೆ, ಆದ್ರೆ ಕಾಲಿಡುವ ಜಾಗಕ್ಕೆ ಸರಿಯಾಗಿ ಮುಟ್ಟುದಿಲ್ಲ. ಹಾಗಾಗಿ ಅವನನ್ನು ಕೆಳಗೆ ಕೂರಿಸುದಿಲ್ಲ, ಸೀಟಲ್ಲೇ ಬೆಲ್ಟ್ ಹಾಕಿ ಕೂರಿಸುದು, ಅಡಿಗೆ ಒಂದು ಚಂಡಿ ಬೈರಾಸು, ಅಂದ್ರೆ ಒದ್ದೆ ಟವೆಲ್.

ಬಿಸಿಲಿನ ಬದಿಯೂ ನೋಡ್ಬೇಕು. ಮಧ್ಯಾಹ್ನ ಮೇಲೆ ಉಡುಪಿಗೆ ಹೋಗುವಾಗ ಬಿಸಿಲು ಎಡಗಡೆಯಿಂದ, ಕಡಲ ಕಡೆಯಿಂದ ಹೊಡೀತದೆ, ಸಂಜೆ ವಾಪಸ್ ಬರುವಾಗ ಬಲಗಡೆಯಿಂದ. ಆ ಬದಿಗೆ ಗ್ಲಾಸಿಗೆ ಸಿಕ್ಕಿಸುವ ಬಲೆ ಪರದೆ ಹಾಕಿ ಬಾಬುವನ್ನು ಆಚೆ ಬದಿಗೆ ಸರಿಸ್ತೇನೆ. ಆದಷ್ಟು ಬೆಳಿಗ್ಗೆ ಏಳರೊಳಗೆ ಹೊರಡುದೇ ಒಳ್ಳೇದು, ತಡ ಆದ್ರೆ ಕೂಳೂರು ಬ್ರಿಜ್ ಹತ್ರ ಬ್ಲಾಕ್ ಆದಾಗ ಎಸಿ ತಂಪೇ ಆಗುದಿಲ್ಲ. ಹೊರಡುವ ಸ್ವಲ್ಪ ಮೊದಲು ಊಟ ಹಾಕುದಿಲ್ಲ, ನೀರು ಮಾತ್ರ ಕಾಪು, ಪಡುಬಿದ್ರಿ ಅಂತ ನಿಲ್ಲಿಸಿ ಸ್ವಲ್ಪ ಸ್ವಲ್ಪ ಕೊಡ್ತೇನೆ. (ಅತ್ತೆ ಕೊಡುವ ಬೊಂಡದ ನೀರು ಬೇರೆ ಲೆಕ್ಕ, ಅದಕ್ಕೆ ನಾನು ಮಾತಾಡ್ಲಿಕ್ಕೆ ಹೋಗುದಿಲ್ಲ.) ಬೆಕ್ಕು ಸಾಕಿದವರಿಗೆ ಒಂದು ಮಾತು, ಬೆಕ್ಕು ಬಾಯಿ ತೆಗ್ದು ಏದುಸಿರು ಬಿಟ್ರೆ ಅದನ್ನು ಮಾಮೂಲಿ ಅಂತ ಬಿಡ್ಬೇಡಿ.

ಕೈಮೀರಿದ್ರೆ ಎಂತ ಮಾಡ್ಬೇಕು ಅಂತ ನಮ್ಮ ಡಾಕ್ಟ್ರು ಹೇಳಿಕೊಟ್ಟಿದ್ದಾರೆ. ಏದುಸಿರು ನಿಲ್ಲುದೇ ಇಲ್ಲ, ಜೊಲ್ಲು ದಪ್ಪ ಅಂಟು, ಒಸಡು ಕಡುಕೆಂಪು, ನಡೀವಾಗ ತೂರಾಟ, ವಾಂತಿ, ಇಂಥದ್ದು ಕಂಡ್ರೆ "ಮೊದಲು ನೀರು, ಮತ್ತೆ ಕಾರು" ಅಂತ ಅವರ ಮಾತು. ಇದ್ದಲ್ಲೇ ನೆರಳಿಗೆ ತಂದು ನಳ್ಳಿ ನೀರು ಮೈಗೆಲ್ಲ ಹೊಯ್ದು, ಹೊಟ್ಟೆ ತೊಡೆ ಸಂದಿಗೂ ಬೀಳುವ ಹಾಗೆ, ಮೇಲಿಂದ ಗಾಳಿ ಹಾಕ್ಬೇಕು, ಚಂಡಿ ಬಟ್ಟೆ ಸುತ್ತಿ ಹಾಗೇ ಬಿಡ್ಬಾರದು, ಒಳಗಿನ ಬಿಸಿ ಅಲ್ಲೇ ಕೂರ್ತದೆ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ನೀರು ಹೊಯ್ಯುದು ಬೇಡ. ಆಮೇಲೆ ಎಸಿ ಹಾಕಿ ಸೀದಾ ಆಸ್ಪತ್ರೆಗೆ, ಚೇತರಿಸಿದ ಹಾಗೆ ಕಂಡ್ರೂ ತೋರಿಸ್ಲೇಬೇಕು. ನನ್ನ ಡಿಕ್ಕಿಯಲ್ಲಿ ಬೇಸಗೆ ಪೂರ್ತಿ ಐದು ಲೀಟರಿನ ನೀರಿನ ಕ್ಯಾನ್ ಇರ್ತದೆ.

ಬೇರೆಯವರ ನಾಯಿ ಕಾರಲ್ಲಿ ಒದ್ದಾಡುದು ಕಂಡ್ರೆ? ಕಳೆದ ಏಪ್ರಿಲಲ್ಲಿ ಒಂದು ಮದುವೆ ಹಾಲಿನ ಪಾರ್ಕಿಂಗಲ್ಲಿ ಲ್ಯಾಬ್ರಡಾರ್ ಒಂದು ಗ್ಲಾಸಿಗೆ ಮೂತಿ ಒತ್ತಿ ನಿಂತಿತ್ತು. ಹೆಂಡತಿ ಅಲ್ಲೇ ನಿಂತು ನೋಡಿಕೊಂಡ್ಲು, ನಾನು ಒಳಗೆ ಓಡಿ ಮೈಕ್ ಹಿಡಿದವರ ಕೈಗೆ ನಂಬರ್ ಬರೆದ ಚೀಟಿ ಕೊಟ್ಟೆ, "ಗಾಡಿ ದಾರಿಗೆ ಅಡ್ಡ ಉಂಟು ಅಂತ ಹೇಳಿ, ಬೇಗ ಬರ್ತಾರೆ" ಅಂದೆ. ಐಸ್‌ಕ್ರೀಮ್ ಕಪ್ ಹಿಡ್ಕೊಂಡೇ ಓಡಿ ಬಂದ್ರು.