ಮೇಲ್‌ನ ಕೊನೆಯ ನಾಲ್ಕು ಸಾಲು: ನನ್ನ ಅನುಭವ

"ಬೀಜ ಚೆನ್ನಾಗಿದ್ರೆ ಸಾಕು ಕಣಯ್ಯ, ಮೇಲ್‌ನ ಸಹಿ ನೋಡಿ ಯಾರು ಕಾಫಿ ತಗೊಳ್ತಾರೆ?" ಅಂತ ನಮ್ಮ ಭಾವ ಎರಡು ವರ್ಷ ಹೇಳಿದರು. ಚಿಕ್ಕಮಗಳೂರಿನಲ್ಲಿ ಕಾಫಿ ಮಾರುವ ಗೆಳೆಯರದ್ದೂ ಅದೇ ಮಾತು. ಈಗ ನಾನು ಕಾಫಿ ಖರೀದಿದಾರರಿಗೆ 40 ಮೇಲ್ ಕಳಿಸಿದರೆ ಹೆಚ್ಚುಕಡಿಮೆ 20ಕ್ಕೆ ಉತ್ತರ ಬರುತ್ತದೆ. ಮೊದಲು ಎಂಟೋ ಒಂಬತ್ತೋ ಬರುತ್ತಿತ್ತು. ಬೀಜ ಅದೇ, ದರವೂ ಅದೇ. ಬದಲಾಗಿದ್ದು ಮೇಲ್ ಮುಗಿಸುವ ರೀತಿ.

ಶುರುವಿನಲ್ಲಿ ನಾನು ಶಾಲೆಯ ರಜೆ ಚೀಟಿಯ ಹಾಗೆ 'ಯುವರ್ಸ್ ಒಬೀಡಿಯಂಟ್ಲಿ' ಹಾಕುತ್ತಿದ್ದೆ. ವ್ಯಾಪಾರ ಮಾಡುವವನು ವಿಧೇಯನಾದರೆ ದರ ಇಳಿಸಿ ಅಂತ ಕೇಳುವುದು ಸಹಜ, ಅಲ್ವಾ? ಅದನ್ನು ಬಿಟ್ಟು 3,500 ರೂಪಾಯಿ ಕೊಟ್ಟು ಒಂದು ಚಂದದ ಸಹಿ ಮಾಡಿಸಿದೆ. ಮುಳ್ಳಯ್ಯನಗಿರಿಯ ಫೋಟೋ, ಲೋಗೊ, ಮೂರು ಫೋನ್ ನಂಬರ್. ನೋಡಲು ಬಹಳ ಚೆನ್ನಾಗಿತ್ತು. ಆದರೆ ಆ ಚಿತ್ರಗಳೆಲ್ಲ ಜರ್ಮನಿಯ ಒಬ್ಬ ಖರೀದಿದಾರರಿಗೆ ಅಟ್ಯಾಚ್‌ಮೆಂಟ್ ಆಗಿ ಹೋದವು. ನಾಲ್ಕು ಫೈಲ್‌ಗಳ ನಡುವೆ ನನ್ನ ದರಪಟ್ಟಿ ಅವರ ಕಣ್ಣಿಗೇ ಬೀಳಲಿಲ್ಲ. ಅವರು ಬೇರೆಯವರ ಹತ್ತಿರ ತಗೊಂಡರು. 60 ಕೆಜಿಯ 5 ಮೂಟೆ, ಸುಮಾರು ಒಂದೂವರೆ ಲಕ್ಷದ ವ್ಯಾಪಾರ. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಪೆಟ್ಟು ಬಾಕಿ ಕೇಳುವಾಗ ಬಿತ್ತು. ಬಾಕಿಯ ಮೇಲ್ ಕೊನೆಗೆ 'ಥ್ಯಾಂಕ್ಸ್ ಇನ್ ಅಡ್ವಾನ್ಸ್' ಅಂತ ಹಾಕಿದೆ. ನೀವು ಒಪ್ಪಿಯೇ ಆಯ್ತು ಅನ್ನುವ ಹಾಗೆ ಅದು ಕೇಳಿಸುತ್ತದೆ. ಹಣ ಕೊಡಬೇಕಾದವರು ಮುನಿಸಿಕೊಂಡು ಇನ್ನೂ ಒಂದು ತಿಂಗಳು ಎಳೆದರು.

ಈಗ ಮಾಡುವುದು ಇಷ್ಟು. ಸಹಿಗಿಂತ ಮುಂಚಿನ ಸಾಲಿನಲ್ಲಿ ಒಂದೇ ಪ್ರಶ್ನೆ, ಒಂದೇ ತಾರೀಕು. 'ಸ್ಯಾಂಪಲ್ ಗುರುವಾರ ಕಳಿಸಲೇ?' ಅಂತ ಕೇಳಿದರೆ ಹೌದು, ಬೇಡ ಅಂದರೂ ಉತ್ತರವೇ. 'ತಮ್ಮ ಉತ್ತರದ ನಿರೀಕ್ಷೆಯಲ್ಲಿ' ಅಂತ ಬರೆದರೆ ಅವರಿಗೆ ಹೇಳಲು ಏನೂ ಸಿಗುವುದಿಲ್ಲ. ಫೋನ್ ಮಾಡುವ ಹೊತ್ತನ್ನು ಅವರ ಗಡಿಯಾರದಲ್ಲೇ ಬರೆಯುತ್ತೇನೆ. ನಮ್ಮ ಮಧ್ಯಾಹ್ನ 3 ಗಂಟೆ ಅಂದರೆ ಜರ್ಮನಿಯಲ್ಲಿ ಚಳಿಗಾಲಕ್ಕೆ ಬೆಳಿಗ್ಗೆ 10:30, ಬೇಸಿಗೆಗೆ 11:30. ಆಮೇಲೆ 'ಕೈಂಡ್ ರಿಗಾರ್ಡ್ಸ್', ಪೂರ್ತಿ ಹೆಸರು, ಏನು ಮಾಡುತ್ತೇನೆ ಅನ್ನುವ ಒಂದು ಸಾಲು, +91 ಸೇರಿಸಿ ಒಂದು ನಂಬರ್. ಚಿತ್ರ ಇಲ್ಲವೇ ಇಲ್ಲ.

ಖರೀದಿದಾರರು ಬರೀ 'ಬೆಸ್ಟ್' ಅಂತ ಮುಗಿಸುವವರೆಗೆ ನಾನು ಸಲುಗೆಗೆ ಇಳಿಯುವುದಿಲ್ಲ. ಅವರು ಇಳಿದ ಮೇಲೆ ನಾನೂ ಇಳಿಯುತ್ತೇನೆ. ಅದೇ ಮಾತುಕತೆಯ ಮೂರನೇ ಮೇಲ್‌ಗೆ ಹೆಸರೊಂದೇ ಸಾಕು. ಬಾಕಿ ಕೇಳುವಾಗ 'ವಾರ್ಮ್ ರಿಗಾರ್ಡ್ಸ್'ನ 'ವಾರ್ಮ್' ಅನ್ನುವ ಪದ ಬೇಡ. ಹಳೇ ಬಾಕಿಗೆ ಹೆಸರಿನ ಕೆಳಗೆ ನಾನು ಒಂದು ಸಾಲು ಸೇರಿಸುತ್ತೇನೆ. ಅದರಿಂದ ಕಳೆದ ಸೀಸನ್‌ನಲ್ಲಿ 70 ಸಾವಿರದಷ್ಟು ಕೈಗೆ ಬಂತು. ಆ ಸಾಲು ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಜರ್ಮನಿಯವರಿಗೆ ಬರೆದ ಇಂಗ್ಲಿಷ್ ಮೇಲ್ ಕೊನೆಗೆ ಜರ್ಮನ್‌ನಲ್ಲಿ 'ಮಿಟ್ ಫ್ರಾಯ್ಂಡ್ಲಿಷನ್ ಗ್ರ್ಯೂಸನ್' ಹಾಕಿದೆ. ಅವರು ಖುಷಿಯಾಗಿ ಒಂದು ಪುಟ ಪೂರ್ತಿ ಜರ್ಮನ್‌ನಲ್ಲೇ ಬರೆದರು. ಬೀಜದ ತೇವಾಂಶದ ವಿಷಯ ಅರ್ಥ ಮಾಡಿಕೊಳ್ಳಲು ಎರಡು ದಿನ ಹೋಯಿತು, ಮತ್ತೆ ಹಾಕಲಿಲ್ಲ. ಬೆಂಗಳೂರಿನ ಕೆಫೆಯವರಿಗೆ ಮಾತ್ರ ಕನ್ನಡದಲ್ಲಿ 'ಇತಿ ತಮ್ಮ ವಿಶ್ವಾಸಿ' ಅಂತ ಹಾಕಿ ನೋಡಿ. ಹುಡುಗರೇ ಫೋನ್ ಮಾಡಿ ಮಾತಾಡುತ್ತಾರೆ. ನನಗೆ ಹಾಗೆ ಮೂರು ಕೆಫೆ ಸಿಕ್ಕವು.

ಒಂದು ಮರೆಯಬೇಡಿ. ಫೋನ್‌ನ ಜಿಮೇಲ್‌ನಲ್ಲಿ ಬೇರೆ ಸಹಿ ಹಾಕಿದ್ದರೆ ಅದನ್ನು ಅಲ್ಲೇ ಬದಲಿಸಬೇಕು. ಕಂಪ್ಯೂಟರ್‌ನಲ್ಲಿ ಬದಲಿಸಿದೆ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ತೋಟದಿಂದ ಕಳಿಸಿದ ಮೇಲ್‌ಗಳೆಲ್ಲ ಎರಡು ತಿಂಗಳು ಹಳೇ ನಂಬರ್ ಹೊತ್ತುಕೊಂಡೇ ಹೋಗಿದ್ದವು.