ಪರದೇಶದಲ್ಲಿ ಮೊದಲ ತಪಸ್ಸುಕಾಲ: ಹೊಸಬರಿಗೆ ಮಾರ್ಗದರ್ಶಿ

ತಪಸ್ಸುಕಾಲವೆಂದರೆ ಕಥೋಲಿಕರು ಈಸ್ಟರ್‌ಗೆ ಮುನ್ನ ಉಪವಾಸ, ಪಶ್ಚಾತ್ತಾಪದಲ್ಲಿ ಕಳೆಯುವ ವಾರಗಳು. ಹೊಸದಾಗಿ ಪರದೇಶಕ್ಕೆ ಬಂದವರು ಅದು ಶುರುವಾಗುವ ಬೂದಿ ಬುಧವಾರಕ್ಕೆ ಹೇಗೋ ಚರ್ಚ್ ಹುಡುಕಿಕೊಳ್ಳುತ್ತಾರೆ, ಮತ್ತೆ ಕಾಣಿಸಿಕೊಳ್ಳುವುದು ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರಕ್ಕೆ. ನಡುವೆ ಮಾಡಬೇಕಿದ್ದ ಪಾಪನಿವೇದನೆ (ಚರ್ಚಿನ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಈಸ್ಟರ್‌ಗೆ ಹಿಂದಿನ ಪವಿತ್ರ ವಾರದ ಉದ್ದನೆಯ ಸಾಲಿಗೆ ಬಂದು ಬೀಳುತ್ತದೆ. ಹಾಗಾಗಬಾರದು ಎಂದೇ ಈ ಬರಹ.

ಮೊದಲು, ಬೂದಿ ಬುಧವಾರ ಹಣೆಗೆ ಇಡುವ ಬೂದಿ. ಅದು ಪಾಪನಿವೇದನೆಯಂಥ ಸಂಸ್ಕಾರವಲ್ಲ, ಪಶ್ಚಾತ್ತಾಪದ ಗುರುತು ಅಷ್ಟೆ. ಬೂದಿ ಇಡಿಸಿಕೊಂಡ ಮಾತ್ರಕ್ಕೆ ಪಾಪ ಕ್ಷಮೆಯಾಗದು. ಕೆಲಸಕ್ಕೆ ಹೋಗುವ ಮುನ್ನ ಒರೆಸಿಕೊಂಡರೆ ಪಾಪವೂ ಅಲ್ಲ. ಅಂದಿನ ಪೂಜೆ ಕಡ್ಡಾಯವಲ್ಲ, ಆದರೆ ಉಪವಾಸ ಕಡ್ಡಾಯ. ಇಲ್ಲಿ ಜನ ಉಲ್ಟಾ ಮಾಡುತ್ತಾರೆ.

ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವೂ ಇದೆ, ಮಾಂಸ ವರ್ಜನೆಯೂ ಇದೆ. ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸ ವರ್ಜನೆ 14 ತುಂಬಿದವರಿಗೆಲ್ಲ. ಉಪವಾಸದ ಲೆಕ್ಕ ಇಷ್ಟೇ: ಒಂದು ಪೂರ್ತಿ ಊಟ, ಜೊತೆಗೆ ಬೇಕಿದ್ದರೆ ಎರಡು ಸಲ ಸ್ವಲ್ಪ ತಿಂಡಿ, ಆ ಎರಡೂ ಸೇರಿ ಇನ್ನೊಂದು ಊಟದಷ್ಟು ಆಗಬಾರದು. ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿದ್ದು ರಾತ್ರಿ ಭರ್ಜರಿ ಊಟ ಮಾಡುವುದನ್ನು ಚರ್ಚ್ ಕೇಳಿಲ್ಲ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ಎದೆಹಾಲುಣಿಸುವವರಿಗೆ ವಿನಾಯಿತಿ ಇದೆ, ಹಟ ಹಿಡಿಯಬೇಡಿ. ಮೀನು, ಮೊಟ್ಟೆ, ಹಾಲಿಗೆ ಅಡ್ಡಿಯಿಲ್ಲ.

ಉಳಿದ ಶುಕ್ರವಾರಗಳ ನಿಯಮ ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಏಕೆಂದರೆ ಅದನ್ನು ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪರ) ಮಂಡಳಿ ನಿರ್ಧರಿಸಬಹುದು. ಅಮೆರಿಕದಲ್ಲಿ ತಪಸ್ಸುಕಾಲದ ಎಲ್ಲ ಶುಕ್ರವಾರ ಮಾಂಸ ವರ್ಜ್ಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ ವರ್ಷದ ಎಲ್ಲ ಶುಕ್ರವಾರಗಳಿಗೂ ಆ ನಿಯಮ ಮರಳಿ ಬಂದಿದೆ. ನೀವಿರುವ ಜಾಗದ ನಿಯಮ ಕೇಳಿಕೊಳ್ಳಿ, ಊರಿನದನ್ನೇ ಎಳೆದುಕೊಂಡು ಬರಬೇಡಿ. ಭಾರತೀಯರ ಚರ್ಚ್ ಎಂದು ಸೀರೋ ಮಲಬಾರ್ ಸಮುದಾಯಕ್ಕೆ (ಬೇರೆ ವಿಧಿಪದ್ಧತಿಯ, ಕೇರಳ ಮೂಲದ ಕಥೋಲಿಕರು) ಹೋದವರು ಗಲಿಬಿಲಿಗೊಳ್ಳುತ್ತಾರೆ: ಅವರ ತಪಸ್ಸುಕಾಲ ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರವೇ ಶುರು. ಅಲ್ಲಿನ ಭಾನುವಾರದ ಪೂಜೆಯೂ ನಿಮಗೆ ಸಲ್ಲುತ್ತದೆ.

ಈಗ ಮುಖ್ಯ ವಿಷಯ, ಪಾಪನಿವೇದನೆ. ಹೆಚ್ಚಿನವರು ಮುಂದೂಡುವುದು ನಾಚಿಕೆಗಲ್ಲ, ಭಾಷೆಗೆ ಹೆದರಿ. ವ್ಯಾಕರಣ ಸರಿಯಿರಬೇಕೆಂದು ಯಾರೂ ಹೇಳಿಲ್ಲ. ಬೇಕಾದದ್ದು ಮಾರಕ ಪಾಪಗಳ (ತಿಳಿದೂ ಬೇಕೆಂದೇ ಮಾಡಿದ ಗಂಭೀರ ಪಾಪಗಳ) ಬಗೆ ಮತ್ತು ನಿಮಗೆ ನೆನಪಿರುವಷ್ಟು ಸಂಖ್ಯೆ. ‘ಭಾನುವಾರದ ಪೂಜೆ ತಪ್ಪಿಸಿದೆ, ಐದಾರು ಸಲ’ ಎಂದರೆ ಮುಗಿಯಿತು. ಯಾಕೆ ತಪ್ಪಿತು, ಆ ದಿನ ಯಾರು ಮನೆಗೆ ಬಂದಿದ್ದರು ಎಂಬ ಪುರಾಣ ಬೇಡ. ಚೀಟಿಯಲ್ಲಿ ಸ್ಥಳೀಯ ಭಾಷೆಯಲ್ಲಿ ಬರೆದುಕೊಂಡು ಓದಬಹುದು, ಆಮೇಲೆ ಅದನ್ನು ಹರಿದುಹಾಕಿ. ಹೋದ ಕೂಡಲೇ ಶಿಲುಬೆಯ ಗುರುತು ಹಾಕಿ, ಹಿಂದಿನ ನಿವೇದನೆ ಆಗಿ ಎಷ್ಟು ತಿಂಗಳಾಯಿತು ಎನ್ನಿ, ‘ನಿಮ್ಮ ಭಾಷೆ ನನಗೆ ಅಷ್ಟು ಬರದು’ ಎಂದು ಸೇರಿಸಿ. ಗುರುಗಳೇ ನಿಧಾನವಾಗುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆಯನ್ನು ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ. ಪಾಪವಿಮೋಚನೆಯ ಮಾತು ಮುಗಿಯುವವರೆಗೆ ಏಳಬೇಡಿ. ಪಿತನ, ಸುತನ, ಪವಿತ್ರಾತ್ಮರ ನಾಮ ಬರುವಾಗ ‘ಆಮೆನ್’. ಪ್ರಾಯಶ್ಚಿತ್ತ ಏನೆಂದು ಅರ್ಥವಾಗದಿದ್ದರೆ ಅಲ್ಲೇ ಕೇಳಿ, ಹೊರಗೆ ಬಂದು ಊಹಿಸಬೇಡಿ.

ಭಾಷೆ ಒಂದಕ್ಷರವೂ ಬರದಿದ್ದರೆ ದುಭಾಷಿಯ ಮೂಲಕ ನಿವೇದಿಸಲು ಚರ್ಚ್ ಕಾನೂನಿನ 990ನೇ ವಿಧಿಯಲ್ಲಿ ಅವಕಾಶವಿದೆ, ದುಭಾಷಿಯೂ ಗುಟ್ಟು ಕಾಪಾಡಲೇಬೇಕು. ಫೋನಿನ ಅನುವಾದದ ಆ್ಯಪ್ ಮಾತ್ರ ಬೇಡ, ಹೇಳಿದ ಮಾತು ಎಲ್ಲಿ ಹೋಗಿ ಕೂರುತ್ತದೋ. ಊರಿನ ಗುರುಗಳಿಗೆ ವಿಡಿಯೊ ಕರೆ ಮಾಡಿ ನಿವೇದಿಸಿದರೆ ಅದು ಸಂಸ್ಕಾರವಾಗದು. ತಪಸ್ಸುಕಾಲದ ಮೂರನೇ ವಾರದೊಳಗೆ ಚರ್ಚ್ ಕಚೇರಿಗೆ ಕರೆ ಮಾಡಿ ಸಮಯ ಗೊತ್ತುಮಾಡಿಕೊಂಡರೆ ಅವಸರವಿಲ್ಲದೆ ಮಾತಾಡಬಹುದು.

ಇನ್ನು ಶಿಲುಬೆಹಾದಿ, ಅಂದರೆ ಯೇಸುವಿನ ಯಾತನೆಯನ್ನು ನೆನೆಯುತ್ತ 14 ಸ್ಥಳಗಳಲ್ಲಿ ಮಾಡುವ ಪ್ರಾರ್ಥನೆ. ಅದರಲ್ಲಿ ಪರಿಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಗಳಿಗೆ ಉಳಿದ ದಂಡದ ಪೂರ್ತಿ ಮನ್ನಾ) ಬಯಸುವವರು ಆ 14 ಸ್ಥಳಗಳಿಗೂ ಒಂದೊಂದಾಗಿ ಸಾಗಬೇಕು. ಜನಸಂದಣಿಯಲ್ಲಿ ಎಲ್ಲರೂ ನಡೆಯಲಾಗದಿದ್ದರೆ ಮುನ್ನಡೆಸುವವರು ಸಾಗಿದರೆ ಸಾಕು. ಅದರ ಜೊತೆ ಪಾಪನಿವೇದನೆ, ಪರಮಪ್ರಸಾದ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ), ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ, ಯಾವ ಪಾಪಕ್ಕೂ ಅಂಟಿಕೊಳ್ಳದ ಮನಸ್ಸು ಬೇಕು. ಒಂದೇ ನಿವೇದನೆ ಹಲವು ದಂಡವಿಮೋಚನೆಗೆ ಸಲ್ಲುತ್ತದೆ. ಪರಮಪ್ರಸಾದ ಮಾತ್ರ ಪ್ರತಿಯೊಂದಕ್ಕೂ ಬೇರೆ, ದಿನಕ್ಕೆ ದಂಡವಿಮೋಚನೆಯೂ ಒಂದೇ.

ಪವಿತ್ರ ವಾರಕ್ಕೆ ರಜೆ ಮೊದಲೇ ಕೇಳಿಡಿ, ಹಲವು ದೇಶಗಳಲ್ಲಿ ಶುಭ ಶುಕ್ರವಾರ ರಜೆಯಿಲ್ಲ. ಅಂದು ಬಲಿಪೂಜೆಯೇ ಇಲ್ಲ. ಬದಲಿಗೆ ಯೇಸುವಿನ ಯಾತನೆಯ ವಾಚನ, ಶಿಲುಬೆಯ ಆರಾಧನೆ, ಪರಮಪ್ರಸಾದ, ಸಾಮಾನ್ಯವಾಗಿ ಮಧ್ಯಾಹ್ನ 3ರ ಹೊತ್ತಿಗೆ. ‘ಪೂಜೆ ಎಷ್ಟು ಗಂಟೆಗೆ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಹೆದರಬೇಡಿ.

ಪಾಸ್ಕ ಜಾಗರಣೆ (ಈಸ್ಟರ್ ಹಿಂದಿನ ಶನಿವಾರ ರಾತ್ರಿಯ ಪೂಜೆ) ಕತ್ತಲಾದ ಮೇಲೆಯೇ ಶುರುವಾಗಬೇಕು. ಪೋಪ್ ಹನ್ನೆರಡನೇ ಪಿಯುಸ್ ಅವರ ಸುಧಾರಣೆಗೆ ಮುನ್ನ ಅದು ಶನಿವಾರ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ವಸಂತದಲ್ಲಿ ತಡವಾಗಿ ಕತ್ತಲಾಗುವ ನಾಡುಗಳಲ್ಲಿ ಅದು ಮುಗಿಯುವಾಗ ಮಧ್ಯರಾತ್ರಿ ಸಮೀಪಿಸುತ್ತದೆ. ಮಕ್ಕಳನ್ನು ಸಂಜೆ ಮಲಗಿಸಿ ಕರೆತನ್ನಿ, ಮರಳುವ ಬಸ್ ಇದೆಯೇ ನೋಡಿಕೊಳ್ಳಿ. ಜಾಗರಣೆಯಲ್ಲಿ ಪ್ರಸಾದ ಪಡೆದವರು ಭಾನುವಾರ ಹಗಲಿನ ಪೂಜೆಯಲ್ಲಿ ಮತ್ತೊಮ್ಮೆ ಪಡೆಯಬಹುದು. ಜಾಗರಣೆಯಲ್ಲಿ ಪಕ್ಕದವರಿಂದ ಮೇಣದಬತ್ತಿ ಹೊತ್ತಿಸಿಕೊಳ್ಳುವಾಗ ಉರಿಯುತ್ತಿರುವುದನ್ನು ನೆಟ್ಟಗೆ ಹಿಡಿದು, ಹೊತ್ತಿಸದೆ ಇರುವುದನ್ನು ಬಾಗಿಸಿ. ಉರಿಯುವುದನ್ನೇ ಬಾಗಿಸಿದರೆ ಮೇಣ ಪಕ್ಕದವರ ಕೋಟಿನ ತೋಳಿಗೆ.