ತೋಡಿನಲ್ಲೇ ಕಸ ಹಿಡಿಯುವ ತೇಲುಬೇಲಿ ಕಟ್ಟುವ ಬಗೆ

ಕೊಡಗಿನ ನೀರು ಎರಡು ಕಡಲಿಗೆ ಹೋಗುತ್ತದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಬಂಗಾಳ ಕೊಲ್ಲಿಯ ಕಡೆಗೆ. ಸಂಪಾಜೆ ಮೇಲಿನ ಪಯಸ್ವಿನಿ ಮತ್ತು ದಕ್ಷಿಣದ ಬರಪೊಳೆ ಅರಬ್ಬೀ ಸಮುದ್ರಕ್ಕೆ. ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದನ್ನು, ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದಲೇ ನಿಷೇಧಿಸಿದೆ. ದಡದಿಂದ ಎಷ್ಟು ದೂರವಿದ್ದರೂ ರಿಯಾಯಿತಿ ಇಲ್ಲ. ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ತೇಲಿ ಹೋಗುವ ಕಸಕ್ಕೆ ಅಂಥ ಕಾವಲು ನಾವೇ ಹಾಕಬೇಕು. ಹೊಳೆಗೆ ಬಿದ್ದ ಮೇಲೆ ಹಿಡಿಯುವುದು ಬಹಳ ಕಷ್ಟ. ನಾಲ್ಕೈದು ಮೀಟರ್ ಅಗಲದ ತೋಡಿನಲ್ಲಾದರೆ ಪೈಪು-ಜಾಲರಿಯ ತೇಲುಬೇಲಿ ಅಡ್ಡ ಹಾಕಿ ಕಸ ಹಿಡಿಯಲು ಇಬ್ಬರು ಸಾಕು.

ಬೇಲಿ ಕಟ್ಟುವ ಜಾಗದಲ್ಲಿ ತೋಡು ನೇರವಾಗಿರಲಿ, ನೀರು ಶಾಂತವಾಗಿರಲಿ, ಒಂದು ದಡಕ್ಕಾದರೂ ಪಿಕಪ್ ಬರುವಂತಿರಲಿ. ಆನೆ ದಾಟುವ ಕಡವಿನಲ್ಲಿ ಕಬ್ಬಿಣದ ಹಗ್ಗ ಕಟ್ಟಲೇಬೇಡಿ. ಪಂಚಾಯಿತಿಗೆ, ಕಾಡಿನ ಅಂಚಾದರೆ ಅರಣ್ಯ ಇಲಾಖೆಗೂ ಬರೆದು ಒಪ್ಪಿಗೆ ಪಡೆಯಿರಿ.

ಮುಂದಿನದು ವೇಗ. ದಡದಲ್ಲಿ 10 ಮೀಟರ್ ಅಳೆದು, ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಸಮಯ ನೋಡಿ. ಬೇಲಿಗೆ ನೇರವಾಗಿ ಬಂದು ತಾಗುವ ನೀರಿನ ವೇಗ ಸೆಕೆಂಡಿಗೆ ಸುಮಾರು 0.35 ಮೀಟರ್ ದಾಟಿದರೆ ಕಸ ಅಡಿಯಿಂದ ನುಸುಳತೊಡಗುತ್ತದೆ. ಅದಕ್ಕೇ ಬೇಲಿಯನ್ನು ಓರೆಯಾಗಿ ಹಾಕುವುದು. ಹಣ್ಣು 30 ಸೆಕೆಂಡು ತೆಗೆದುಕೊಂಡರೆ ಅಡ್ಡಡ್ಡವೇ ಕಟ್ಟಬಹುದು. 20 ಸೆಕೆಂಡಾದರೆ ಹರಿವಿಗೆ 45 ಡಿಗ್ರಿ, 14 ಸೆಕೆಂಡಾದರೆ 30 ಡಿಗ್ರಿ. 10 ಸೆಕೆಂಡಿಗೇ ದಾಟಿತೆಂದರೆ 20 ಡಿಗ್ರಿ ಬೇಕು, ಬೇಲಿ ತೋಡಿನ ಅಗಲದ ಮೂರರಷ್ಟು ಉದ್ದವಾಗುತ್ತದೆ. ಬೇರೆ ಜಾಗ ಹುಡುಕುವುದೇ ಮೇಲು. ನೇರವಾಗಿ ಅಡ್ಡ ಕಟ್ಟಿ, ಎರಡೇ ಮಳೆಗೆ ಬೇಲಿಯನ್ನು ದೂರಿ ಕೈಬಿಡುವವರು ಎಡವುವುದು ಇಲ್ಲಿಯೇ.

5 ಮೀಟರ್ ತೋಡು, 30 ಡಿಗ್ರಿ ಓರೆ ಎಂದಿಟ್ಟುಕೊಳ್ಳಿ. ಬೇಲಿ 10 ಮೀಟರ್, ಸಡಿಲಕ್ಕೆ ಇನ್ನೊಂದು. 110 ಮಿ.ಮೀ. ಪಿವಿಸಿ ಪೈಪು 6 ಮೀಟರಿನವು ಎರಡು ತಂದು ಒಂದೂವರೆ ಮೀಟರಿನ ಎಂಟು ತುಂಡು ಮಾಡಿ: ಏಳು ಬೇಲಿಗೆ, ಒಂದು ಬದಲಿಗೆ. ಎರಡೂ ತುದಿಗೆ ಮುಚ್ಚಳ ಅಂಟಿಸಿ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಸೋರಿಕೆ ಪರೀಕ್ಷಿಸಿ. ತೇಲಲು ಖಾಲಿ ಬಾಟಲಿ, ಥರ್ಮೊಕೋಲ್ ಬೇಡ. ಬಿಸಿಲಿಗೆ ಚೂರಾಗಿ ಅವೇ ಕಸವಾಗುತ್ತವೆ.

ತುಂಡುಗಳನ್ನು ಅಂಗೈ ಅಗಲ ಬಿಟ್ಟು ಸಾಲಾಗಿಟ್ಟು, 8 ಮಿ.ಮೀ. ಉಕ್ಕಿನ ಹಗ್ಗವನ್ನು ಉದ್ದಕ್ಕೂ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಯಿಂದ ಬಿಗಿಯಿರಿ. ಎಳೆತವೆಲ್ಲ ಹಗ್ಗದ ಮೇಲೆ ಬೀಳಬೇಕು, ಪೈಪಿನ ಮೇಲಲ್ಲ. 25 ಮಿ.ಮೀ. ಕಣ್ಣಿನ, 60 ಸೆಂ.ಮೀ. ಅಗಲದ ಜಿಐ ಜಾಲರಿಯನ್ನು ಪೈಪಿಗೆ ಒಂದು ಸುತ್ತು ಸುತ್ತಿ, ಉಳಿದ 25 ಸೆಂ.ಮೀ. ಕೆಳಗೆ ಇಳಿಬಿಡಿ. ಸಣ್ಣ ಕಣ್ಣಿನ ಜಾಲರಿ ಆರಿಸಿದರೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು ಗೋಡೆಯಂತಾಗುತ್ತದೆ, ಬೇಲಿ ಮಗುಚುತ್ತದೆ. ಅಡಿಯಲ್ಲಿ ಮೀನು ಓಡಾಡಲು ಅರ್ಧ ಆಳವಾದರೂ ತೆರೆದಿರಲಿ. ಜಾಲರಿಯ ಕೆಳಅಂಚಿಗೆ 8 ಮಿ.ಮೀ. ಕಬ್ಬಿಣದ ಸರಳನ್ನು ಪ್ರತಿ ಪೈಪಿಗೆ ಬೇರೆ ಬೇರೆಯಾಗಿ ಕಟ್ಟಿ, ಇಲ್ಲದಿದ್ದರೆ ಬೇಲಿ ಬಾಗುವುದಿಲ್ಲ. ಪೈಪು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮುಳುಗಿ ತೇಲುತ್ತದೆ. ಅರ್ಧಕ್ಕಿಂತ ಹೆಚ್ಚು ಮುಳುಗಿತೆಂದರೆ ಎಲ್ಲೋ ನೀರು ಒಳಗೆ ಹೋಗಿದೆ.

ದಡದ ಸಂದಿಯಲ್ಲಿ ಅತಿ ಹೆಚ್ಚು ಕಸ ತಪ್ಪಿಸಿಕೊಳ್ಳುತ್ತದೆ. ಎರಡೂ ದಡದಲ್ಲಿ ನೀರಿನಂಚಿಗೇ 50 ಮಿ.ಮೀ. ಜಿಐ ಕಂಬವನ್ನು ಒಂದು ಮೀಟರ್ ಆಳಕ್ಕೆ ಕಾಂಕ್ರೀಟಿನಲ್ಲಿ ನಿಲ್ಲಿಸಿ, ಹಗ್ಗದ ತುದಿಗೆ ಬಳೆ ಹಾಕಿ ಕಂಬಕ್ಕೆ ಪೋಣಿಸಿ. ನೀರು ಏರಿದಂತೆ ಬೇಲಿಯೂ ಏರುತ್ತದೆ. ಕಸ ಬಂದು ಸೇರುವ ಕೆಳತುದಿಯಲ್ಲಿ ಮಾತ್ರ ಹಗ್ಗಕ್ಕೂ ಬಳೆಗೂ ನಡುವೆ ತೆಳುವಾದ ನೂಲಿನ ಹಗ್ಗ ಕಟ್ಟಿ. ಮರ ತೇಲಿಬಂದು ಹೊಡೆದರೆ ಅದು ಹರಿದು, ಬೇಲಿ ಮೇಲ್ತುದಿಯ ದಡಕ್ಕೆ ಒರಗಿ ಉಳಿಯುತ್ತದೆ. ಎರಡೂ ತುದಿ ಗಟ್ಟಿಯಾಗಿದ್ದರೆ ಕಂಬವೇ ಕಿತ್ತು ಬರುತ್ತದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲೇ ಬೇಲಿ ನೀರಿನಲ್ಲಿರಲಿ. ಬೇಸಿಗೆಯಿಡೀ ಚರಂಡಿಯಲ್ಲಿ ಬಿದ್ದಿದ್ದದ್ದನ್ನು ಮೊದಲ ಮಳೆಗಳೇ ಹೊತ್ತು ತರುತ್ತವೆ. ಮುಂಗಾರು ಜೋರಾಗಿ ತೋಡು ಕೆಂಪಗೆ ತುಂಬಿತೆಂದರೆ ಹಿಡಿದ ಕಸ ಮೇಲೆತ್ತಿ, ಕೆಳತುದಿ ಬಿಚ್ಚಿ ದಡಕ್ಕೆ ಕಟ್ಟಿಡಿ. ಆ ನೀರಿನಲ್ಲಿ ಯಾವ ಬೇಲಿಯೂ ಕೆಲಸ ಮಾಡುವುದಿಲ್ಲ, ಯಾರೂ ಇಳಿಯಲೂಬಾರದು. ಸೆಪ್ಟೆಂಬರಿನಲ್ಲಿ ಮತ್ತೆ ಹಾಕಿ, ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೆ ಬರುವ ಜನಸಂದಣಿಗೆ ಮುನ್ನ.

ಕಸ ತೆಗೆಯುವವರಿಗೆ ಗಂಬೂಟು, ರಬ್ಬರ್ ಕೈಗವಸು ಕಡ್ಡಾಯ. ಇಲಿಜ್ವರ ಇಂಥ ನೀರಿನಿಂದಲೇ ಅಂಟುತ್ತದೆ. ಎಲೆ-ಕಡ್ಡಿ ಬೇರ್ಪಡಿಸಿ ಗೊಬ್ಬರದ ಗುಂಡಿಗೆ, ಪ್ಲಾಸ್ಟಿಕನ್ನು ಒಣಗಿಸಿ ಪಂಚಾಯಿತಿಯ ಕಸ ವಿಲೇವಾರಿ ಘಟಕಕ್ಕೆ. ಕೀಟನಾಶಕದ ಡಬ್ಬಿ ಸಿಕ್ಕರೆ ತೋಡಿನಲ್ಲಿ ತೊಳೆಯದೆ, ಮುಚ್ಚಿ, ಬೇರೆ ಚೀಲದಲ್ಲಿಡಿ. ತೋಟದಲ್ಲಿ ಏನನ್ನೂ ಸುಡಬೇಡಿ.

ಹಡಗಿನಲ್ಲಿ ಕಸದ ದಾಖಲೆ ಪುಸ್ತಕವಿರುತ್ತದೆ: ದಿನಾಂಕ, ಜಾಗ, ಬಗೆ, ಪ್ರಮಾಣ ಬರೆದು ಪ್ರತಿ ಪುಟಕ್ಕೂ ಕಪ್ತಾನ ಸಹಿ ಹಾಕುತ್ತಾನೆ, ಕೊನೆಯ ನಮೂದಿನ ನಂತರ ಎರಡು ವರ್ಷ ಅದನ್ನು ಕಾಪಿಡಬೇಕು. ಬೇಲಿಗೂ ಅಂಥದ್ದೊಂದು ನೋಟ್‌ಬುಕ್ ಇಡಿ. ಎಷ್ಟು ಚೀಲ, ಅದರಲ್ಲಿ ಗೊಬ್ಬರದ ಚೀಲವೆಷ್ಟು, ನರ್ಸರಿ ಕವರೆಷ್ಟು, ನೀರಿನ ಬಾಟಲಿ, ಮಕ್ಕಳ ಡೈಪರ್ ಎಷ್ಟು. ಗೊಬ್ಬರದ ಚೀಲವೇ ಹೆಚ್ಚಾದರೆ ಮೇಲಿನ ತೋಟಗಳವರ ಬಳಿ, ಬಾಟಲಿ ಹೆಚ್ಚಾದರೆ ಹೋಂಸ್ಟೇಗಳವರ ಬಳಿ ಆ ಪುಟ ಹಿಡಿದು ಹೋಗಿ ಮಾತಾಡಬಹುದು.